ಟೆಸ್ಟ್ ಪೈಲಟ್ ಆಗಲು ಧೈರ್ಯ ಒಂದೇ ಸಾಕಾ?

ಯುದ್ಧದಲ್ಲಿ ಹಾರಾಡಿದವರೇ ಆಮೇಲೆ ಹೊಸ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ಟೆಸ್ಟ್ ಪೈಲಟ್ ಆಗುತ್ತಿದ್ದರು, ಹಾಗಾದರೆ ಈ ಕೆಲಸಕ್ಕೆ ಬೇಕಾದದ್ದು ಧೈರ್ಯ ಒಂದೇ ಅಲ್ವಾ ಎಂದು ಕೇಳಿದ್ದೀರಿ. ಪಿಯುಸಿ ಓದುತ್ತಿದ್ದೇನೆ ಎಂದೂ ಬರೆದಿದ್ದೀರಿ. ನಾನು ಮಲ್ಪೆಯವನು, ಉಡುಪಿಯಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಎರಿಕ್ ಬ್ರೌನ್ ಬಗ್ಗೆ ತಿಳಿದರೆ ನಿಮಗೆ ಉತ್ತರ ಸಿಗುತ್ತದೆ.

ಬ್ರೌನ್ ಬ್ರಿಟಿಷ್ ನೌಕಾಪಡೆಯ ಪೈಲಟ್. 2ನೇ ಮಹಾಯುದ್ಧದಲ್ಲಿ ಆಡಾಸಿಟಿ ಎಂಬ ಸಣ್ಣ ವಿಮಾನವಾಹಕ ಹಡಗಿನಿಂದ ಹಾರುತ್ತಿದ್ದರು. ಎರಡು ಜರ್ಮನ್ ಕಾಂಡರ್ ವಿಮಾನಗಳನ್ನು ಹೊಡೆದುರುಳಿಸಿದರು. 1941ರ ಡಿಸೆಂಬರಿನಲ್ಲಿ ಜರ್ಮನ್ ಸಬ್‌ಮರೀನ್ ಆ ಹಡಗನ್ನೇ ಮುಳುಗಿಸಿತು. ಅಟ್ಲಾಂಟಿಕ್‌ನ ಕೊರೆಯುವ ನೀರಿನಿಂದ ಬದುಕಿ ಬಂದರು.

ಧೈರ್ಯಕ್ಕೆ ಇಷ್ಟು ಸಾಕು. ಆದರೆ ಅವರು ಟೆಸ್ಟ್ ಪೈಲಟ್ ಆದದ್ದು ಹಡಗಿನ ಡೆಕ್ ಮೇಲೆ ವಿಮಾನ ಇಳಿಸುವುದರಲ್ಲಿ ಪಳಗಿದ್ದ ಕೈಯಿಂದ. ಅಳಿವೆಯಲ್ಲಿ ತೆರೆ ಎದ್ದಾಗ ನಮ್ಮ ಮೀನುಗಾರಿಕೆ ಬೋಟು ನಡೆಸುವ ತಾಂಡೇಲರು ಸುಮ್ನೆ ಎಂಜಿನ್ ಜೋರು ಮಾಡಿ ನುಗ್ಗುವುದಿಲ್ಲ, ತೆರೆ ನೋಡಿ ಹೊತ್ತು ಕಾಯುತ್ತಾರೆ. ಏಳುತ್ತಾ ಇಳಿಯುತ್ತಾ ಇರುವ ಡೆಕ್‌ಗೂ ಅದೇ ಲೆಕ್ಕ ಬೇಕು. 1945ರ ಡಿಸೆಂಬರ್ 3ರಂದು ಓಷನ್ ಎಂಬ ಹಡಗಿನ ಮೇಲೆ ವ್ಯಾಂಪೈರ್ ಜೆಟ್ ಇಳಿಸಿದರು. ಜೆಟ್ ವಿಮಾನ ಹೀಗೆ ಹಡಗಿನ ಮೇಲೆ ಇಳಿದದ್ದು ಜಗತ್ತಿನಲ್ಲೇ ಮೊದಲು. ಒಟ್ಟು 2,407 ಸಲ ಡೆಕ್ ಮೇಲೆ ಇಳಿದರು, 487 ಬಗೆಯ ವಿಮಾನ ಹಾರಿಸಿದರು. ಸ್ಪಿಟ್‌ಫೈರ್ ಯುದ್ಧವಿಮಾನದ ಎಷ್ಟೋ ಮಾದರಿ ಹಾರಿಸಿದ್ದರೂ ಆ ಲೆಕ್ಕದಲ್ಲಿ ಅದು ಒಂದೇ!

ನನ್ನ ಕ್ಲಾಸಿನ ಮಕ್ಕಳಿಗೆ ನಾನು ಜಾಸ್ತಿ ಹೇಳುವುದು ಡಿಎಚ್ 108ರ ವಿಷಯ. ಬಾಲದಲ್ಲಿ ಅಡ್ಡರೆಕ್ಕೆಯೇ ಇಲ್ಲದ ಜೆಟ್ ಅದು. 1946ರ ಸೆಪ್ಟೆಂಬರಿನಲ್ಲಿ ಒಂದು ಆಕಾಶದಲ್ಲೇ ಚೂರಾಗಿ ಪೈಲಟ್ ಜೆಫ್ರಿ ಡಿ ಹ್ಯಾವಿಲ್ಯಾಂಡ್ ಜೂನಿಯರ್ ಸತ್ತರು. ಕಾರಣ ಹುಡುಕಲು ಬ್ರೌನ್ ಅದೇ ಬಗೆಯ ಇನ್ನೊಂದು ವಿಮಾನ ಹತ್ತಿದರು. ಶಬ್ದದ ವೇಗದ ಹತ್ತಿರ ಬಂದಾಗ ಮೂಗು ಮೇಲೆ ಕೆಳಗೆ ಬಡಿದಾಡತೊಡಗಿತು. ಗಲ್ಲ ಎದೆಗೆ ಬಡಿಯುವಷ್ಟು ಜೋರು. ಹೀಗಾದರೆ ಏನು ಮಾಡಬೇಕೆಂದು ಅವರು ನೆಲದ ಮೇಲೇ ಯೋಚಿಸಿಟ್ಟಿದ್ದರು. ಮೂಗನ್ನು ಏರಿಸಿಳಿಸುವ ಸ್ಟಿಕ್ ಮತ್ತು ಎಂಜಿನ್ ಜೋರು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಎರಡನ್ನೂ ಒಟ್ಟಿಗೆ ಮೆಲ್ಲಗೆ ಹಿಂದಕ್ಕೆ ಎಳೆದರು. ಬಡಿದಾಟ ನಿಂತಿತು. ಅವರು ಕುಳ್ಳಗಿದ್ದದ್ದೂ ಒಳ್ಳೆಯದಾಯಿತು, ತಲೆ ಮೇಲಿನ ಗಾಜಿಗೆ ಬಡಿಯಲಿಲ್ಲ. ಎದುರಿಗೆ ಸಾವು ಇರುವಾಗ ಕೈಯನ್ನು ಮೆಲ್ಲಗೆ ಇಟ್ಟುಕೊಳ್ಳುವುದಿದೆಯಲ್ಲ, ನನಗೆ ಅದೇ ದೊಡ್ಡದು. ಇಳಿದ ಮೇಲೆ ಆದದ್ದನ್ನೆಲ್ಲ ಎಂಜಿನಿಯರುಗಳಿಗೆ ಒಂದೂ ಬಿಡದೆ ಹೇಳಬೇಕು. ಆ ವರದಿ ಇಲ್ಲದಿದ್ದರೆ ಹಾರಿ ಏನು ಪ್ರಯೋಜನ? ಬ್ರೌನ್ 2016ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮಲ್ಲೂ ಇಂಥವರಿದ್ದರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆ ಗೊತ್ತಲ್ವಾ? ಗ್ರೂಪ್ ಕ್ಯಾಪ್ಟನ್ ದಾಸ್ ಇಂಗ್ಲೆಂಡಿನ ಟೆಸ್ಟ್ ಪೈಲಟ್ ಶಾಲೆಯಲ್ಲಿ ಕಲಿತು ಬಂದವರು. ಎಚ್‌ಎಎಲ್‌ನ ಮಾರುತ್ ಎಂಬ ಯುದ್ಧ ಜೆಟ್‌ಗಿಂತ ಮೊದಲು ಅದೇ ಆಕಾರದ ಮರದ ಗ್ಲೈಡರನ್ನು ಡಕೋಟಾ ವಿಮಾನದ ಹಿಂದೆ ಕಟ್ಟಿ ಮೇಲೇರಿಸಿ ಪರೀಕ್ಷಿಸಿದ್ದರು. 1961ರ ಜೂನ್ 17ರಂದು ದಾಸ್ ಮಾರುತ್ ಹಾರಿಸಿದರು. 1970ರ ಜನವರಿ 10ರಂದು ಮಾರುತ್‌ನ ಇನ್ನೊಂದು ಮಾದರಿಯನ್ನು ಪರೀಕ್ಷಿಸುವಾಗ ಅಪಘಾತದಲ್ಲಿ ಹೋದರು.

ಈಗ ಈ ತರಬೇತಿ ಬೆಂಗಳೂರಿನಲ್ಲೇ, ವಾಯುಪಡೆಯ ಟೆಸ್ಟ್ ಪೈಲಟ್ ಶಾಲೆಯಲ್ಲಿ ಸಿಗುತ್ತದೆ. ಆದರೆ ಮೊದಲು ಪೈಲಟ್ ಆಗಿ ಅನುಭವ ಗಳಿಸಿರಬೇಕು. ಅದಕ್ಕೆ ಒಂದು ದಾರಿ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ. ಹಾಗಾಗಿ ಫಿಸಿಕ್ಸ್, ಮ್ಯಾಥ್ಸ್ ಎರಡನ್ನೂ ಗಟ್ಟಿ ಮಾಡಿಕೊಳ್ಳಿ.