ಬ್ಯಾಶ್ ಕಾಪಿ ಮಾಡಿದರೂ ಸಿಎಚ್‌ರೂಟ್ "ಫೈಲ್ ಇಲ್ಲ" ಅನ್ನುವುದೇಕೆ?

ಖಾಲಿ ಡೈರೆಕ್ಟರಿಯ ಬಿನ್ ಒಳಗೆ ಬ್ಯಾಶ್ (ಲಿನಕ್ಸ್‌ನಲ್ಲಿ ಕಮಾಂಡ್ ಓಡಿಸುವ ಶೆಲ್) ಹಾಕಿ ಸಿಎಚ್‌ರೂಟ್ (ಒಂದು ಡೈರೆಕ್ಟರಿಯನ್ನೇ ಪ್ರೋಗ್ರಾಂಗೆ ರೂಟ್, ಅಂದರೆ ಎಲ್ಲಕ್ಕೂ ಮೇಲಿನ ಡೈರೆಕ್ಟರಿ, ಎಂದು ತೋರಿಸುವ ಕಮಾಂಡ್) ಕೊಟ್ಟರೆ "ನೋ ಸಚ್ ಫೈಲ್ ಆರ್ ಡೈರೆಕ್ಟರಿ" ಬರುತ್ತಿದೆ, ಆದರೆ ಫೈಲ್ ಅಲ್ಲೇ ಇದೆ ಎಂದಿದ್ದೀರಿ. ಜೊತೆಗೆ, ನಿಮ್ಮ ಸರ್ವರ್ ಪ್ರೋಗ್ರಾಂ ಅನ್ನು ಹೀಗೆ ಕೂಡಿಹಾಕಿದರೆ ಭದ್ರವೇ ಎಂದೂ ಕೇಳಿದ್ದೀರಿ.

ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಸಿಗದಿರುವುದು ಬ್ಯಾಶ್ ಅಲ್ಲ, ಅದಕ್ಕೆ ಬೇಕಾದ ಲೈಬ್ರರಿಗಳನ್ನು ಮೆಮೊರಿಗೆ ಏರಿಸುವ ಡೈನಾಮಿಕ್ ಲೋಡರ್. ಬ್ಯಾಶ್ ಫೈಲಿನೊಳಗೇ ಲೋಡರ್‌ನ ಪೂರ್ತಿ ಪಾತ್ ಬರೆದಿರುತ್ತದೆ. ಆ ಪಾತ್ ಅನ್ನು ಕರ್ನಲ್ ಹೊಸ ರೂಟ್‌ನಲ್ಲಿ ಹುಡುಕುತ್ತದೆ, ಅಲ್ಲಿ ಏನೂ ಇಲ್ಲ, ಎರರ್ ಮಾತ್ರ ಬ್ಯಾಶ್ ಹೆಸರಲ್ಲಿ ಬರುತ್ತದೆ. ಹೊರಗಡೆ ಬ್ಯಾಶ್ ಮೇಲೆ ಎಲ್‌ಡಿಡಿ (ಬೇಕಾದ ಲೈಬ್ರರಿಗಳ ಪಟ್ಟಿ ಕೊಡುವ ಕಮಾಂಡ್) ಓಡಿಸಿ. 64 ಬಿಟ್ ಇಂಟೆಲ್ ಯಂತ್ರದ ಉಬುಂಟುವಿನಲ್ಲಿ ಲಿಬ್‌ಟಿಇನ್ಫೋ, ಲಿಬ್‌ಸಿ, ಮತ್ತು ಲಿಬ್64 ಅಡಿಯ ಎಲ್‌ಡಿ-ಲಿನಕ್ಸ್ ಲೋಡರ್ ಕಾಣುತ್ತವೆ. ಮೂರನ್ನೂ ಅದೇ ಪಾತ್‌ನಲ್ಲಿ ಕಾಪಿ ಮಾಡಿ. ವಿಡಿಎಸ್‌ಒ ಎಂಬ ಸಾಲು ಬಿಡಿ, ಅದನ್ನು ಕರ್ನಲ್ಲೇ ಕೊಡುತ್ತದೆ. ಕಾಪಿ ಮಾಡುವಾಗ ಲಿಂಕ್ ಮಾತ್ರ ಬಂದು ಅಸಲಿ ಫೈಲ್ ಹಿಂದೆ ಉಳಿದರೆ ಮತ್ತೆ ಅದೇ ಎರರ್.

ಒಳಗೆ ಹೋದ ಮೇಲೆ ಸಿಡಿ, ಪಿಡಬ್ಲ್ಯುಡಿ, ಎಕೋ ನಡೆಯುತ್ತವೆ. ಫೈಲ್ ಪಟ್ಟಿ ತೋರಿಸುವ ಎಲ್‌ಎಸ್ ಒತ್ತಿದರೆ "ಕಮಾಂಡ್ ನಾಟ್ ಫೌಂಡ್". ಮೊದಲ ಮೂರು ಬ್ಯಾಶ್‌ನೊಳಗೇ ಇವೆ. ಎಲ್‌ಎಸ್ ಬೇರೆ ಪ್ರೋಗ್ರಾಂ, ಅದಕ್ಕೆ ಬೇರೆ ಲೈಬ್ರರಿಗಳು. ಹೀಗೆ ಒಂದೊಂದೇ ಹೊರುವ ಬದಲು ಸ್ಟ್ಯಾಟಿಕ್ ಬ್ಯುಸಿಬಾಕ್ಸ್ (ಹಲವು ಕಮಾಂಡ್‌ಗಳು ಒಂದೇ ಫೈಲಿನಲ್ಲಿರುವ, ಹೊರಗಿನ ಲೈಬ್ರರಿ ಬೇಡದ ಪ್ರೋಗ್ರಾಂ) ಹಾಕಿ, ಇಲ್ಲವೇ ಡಿಬೂಟ್‌ಸ್ಟ್ರ್ಯಾಪ್ ಎಂಬ ಸಾಧನದಿಂದ ಪುಟ್ಟ ಡೆಬಿಯನ್ ಲಿನಕ್ಸ್ ಇಳಿಸಿ.

ಇನ್ನು ಭದ್ರತೆ. ಸಿಎಚ್‌ರೂಟ್ 1979ರ ಯುನಿಕ್ಸ್ 7ನೇ ಆವೃತ್ತಿಯಲ್ಲೇ ಇದ್ದ ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆ). ಅದು ಬದಲಿಸುವುದು ಪಾತ್ ಹುಡುಕಾಟ ಶುರುವಾಗುವ ಜಾಗವನ್ನಷ್ಟೇ. ನೆಟ್‌ವರ್ಕ್, ಪ್ರೋಸೆಸ್‌ಗಳು, ಯೂಸರ್ ಐಡಿ ಎಲ್ಲವೂ ಮೊದಲಿನಂತೆಯೇ. ಒಳಗಿರುವ ಪ್ರೋಗ್ರಾಂ ರೂಟ್ ಯೂಸರ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿದ್ದರೆ ಆಚೆ ಬರುವುದು ಸುಲಭ: ಒಂದು ಸಬ್‌ಡೈರೆಕ್ಟರಿ ಮಾಡಿ, ಅದಕ್ಕೆ ಮತ್ತೆ ಸಿಎಚ್‌ರೂಟ್ ಮಾಡುತ್ತದೆ. ಈ ಕಾಲ್ ಕರೆಂಟ್ ಡೈರೆಕ್ಟರಿಯನ್ನು ಮುಟ್ಟುವುದಿಲ್ಲ, ಹಾಗಾಗಿ ಪ್ರೋಸೆಸ್ ನಿಂತಿರುವ ಜಾಗ ಈಗ ಹೊಸ ರೂಟ್‌ನ ಹೊರಗೆ. ಎರಡು ಚುಕ್ಕಿಯ ಪಾತ್ (ಒಂದು ಹಂತ ಮೇಲಿನ ಡೈರೆಕ್ಟರಿ) ಹಿಡಿದು ಮೇಲಕ್ಕೆ ಹೋಗುತ್ತಿದ್ದರೆ ತಡೆಯುವ ಗೋಡೆಯೇ ಸಿಗದೆ ಅಸಲಿ ರೂಟ್ ತಲುಪುತ್ತದೆ.

ಆದ್ದರಿಂದ ನಿಮ್ಮ ಕೋಡ್‌ನಲ್ಲಿ ಕ್ರಮ ತಪ್ಪಬಾರದು. ಮೊದಲು ಹೊರಗಿನ ಡೈರೆಕ್ಟರಿಗಳ ಫೈಲ್ ಡಿಸ್ಕ್ರಿಪ್ಟರ್‌ಗಳನ್ನು (ಪ್ರೋಗ್ರಾಂ ತೆರೆದಿಟ್ಟ ಹಿಡಿಕೆಗಳನ್ನು) ಮುಚ್ಚಿ, ಸಿಎಚ್‌ರೂಟ್ ಕರೆಯಿರಿ, ತಕ್ಷಣ ಸಿಎಚ್‌ಡಿಐಆರ್‌ನಿಂದ ರೂಟ್‌ಗೆ ಬನ್ನಿ. ಆಮೇಲೆ ರೂಟ್ ಯೂಸರ್ ಅಧಿಕಾರ ಬಿಡಲು ಗ್ರೂಪ್ ಬದಲಿಸುವ ಸೆಟ್‌ಗ್ರೂಪ್ಸ್, ಸೆಟ್‌ಜಿಐಡಿ, ಕೊನೆಗೆ ಯೂಸರ್ ಬದಲಿಸುವ ಸೆಟ್‌ಯುಐಡಿ. ಸೆಟ್‌ಯುಐಡಿ ಮುಂಚೆ ಕರೆದರೆ ಗ್ರೂಪ್ ಬದಲಿಸುವ ಅಧಿಕಾರವೇ ಇರುವುದಿಲ್ಲ. ಪ್ರತಿಯೊಂದರ ರಿಟರ್ನ್ ವ್ಯಾಲ್ಯೂ ನೋಡಲೇಬೇಕು. ನಂಬಲಾಗದ ಕೋಡ್ ಓಡಿಸುವುದಾದರೆ ಇಷ್ಟೂ ಸಾಲದು. ನೇಮ್‌ಸ್ಪೇಸ್ (ಪ್ರೋಸೆಸ್, ನೆಟ್‌ವರ್ಕ್, ಮೌಂಟ್‌ಗಳನ್ನು ಬೇರ್ಪಡಿಸುವ ಕರ್ನಲ್ ವ್ಯವಸ್ಥೆ) ಬಳಸುವ ಕಂಟೇನರ್‌ಗೇ ಹೋಗಿ, ಅಲ್ಲಿ ರೂಟ್ ಅನ್ನೇ ಬದಲಿಸುವ ಪಿವಟ್ ರೂಟ್ ಕಾಲ್‌ನಿಂದ ಹಳೆಯ ರೂಟ್ ಅನ್ನೇ ಅನ್‌ಮೌಂಟ್ ಮಾಡಬಹುದು.

ಅಳಿಸುವಾಗ ದಯವಿಟ್ಟು ಎಚ್ಚರ. ಒಳಗೆ ಹೋಮ್ ಅನ್ನು ಬೈಂಡ್ ಮೌಂಟ್ (ಅದೇ ಡೈರೆಕ್ಟರಿ ಇನ್ನೊಂದು ಜಾಗದಲ್ಲೂ ಕಾಣುವಂತೆ) ಮಾಡಿದ್ದು ಮರೆತು, ಅಳಿಸುವ ಕಮಾಂಡ್ ಆರ್‌ಎಂ ಅನ್ನು ಇಡೀ ಡೈರೆಕ್ಟರಿಗೆ ಕೊಟ್ಟರೆ ಅಸಲಿ ಹೋಮ್ ಖಾಲಿಯಾಗುತ್ತದೆ. ಬೇರೆ ಫೈಲ್ ಸಿಸ್ಟಂ ಮುಟ್ಟದಂತೆ ಆರ್‌ಎಂಗೆ ಹೇಳುವ ಒನ್-ಫೈಲ್-ಸಿಸ್ಟಂ ಆಯ್ಕೆಯೂ ಕಾಯುವುದಿಲ್ಲ, ಎರಡೂ ಒಂದೇ ಫೈಲ್ ಸಿಸ್ಟಂನಲ್ಲಿದ್ದರೆ ಅದಕ್ಕೆ ವ್ಯತ್ಯಾಸ ಗೊತ್ತಾಗದು. ಮೌಂಟ್‌ಗಳ ಪಟ್ಟಿ ತೋರಿಸುವ ಫೈಂಡ್‌ಮೌಂಟ್ ಓಡಿಸಿ ನೋಡಿ, ಎಲ್ಲ ಅನ್‌ಮೌಂಟ್ ಆದ ಮೇಲಷ್ಟೇ ಅಳಿಸಿ.