ಬರಹಗಾರ ಇರುವ ಜಾಗ, ಅವನು ಏನು ಬರೆಯುತ್ತಾನೆ ಅನ್ನುವುದನ್ನು ನಿರ್ಧರಿಸುತ್ತದೆಯೇ?

ಹೌದು, ಸಾಕಷ್ಟು ಮಟ್ಟಿಗೆ. ಬರೆಯುವವರ ತಲೆಯಲ್ಲಿ ಸಾಮಾನ್ಯವಾಗಿ ಒಂದೇ ಸಲ ನಾಲ್ಕೈದು ಕಥೆಗಳು ಓಡಾಡುತ್ತಿರುತ್ತವೆ. ಯಾವುದಕ್ಕೆ ಬೇಕಾದ ವಿವರ ದಿನಾ ಕಣ್ಣಿಗೆ, ಕಿವಿಗೆ ಬೀಳುತ್ತದೋ ಅದು ಮುಂದೆ ಸಾಗುತ್ತದೆ. ಉಳಿದವಕ್ಕೆ ಪುಟಪುಟಕ್ಕೂ ನಿಂತು ಹುಡುಕಬೇಕು. ಅಷ್ಟರಲ್ಲಿ ಹುರುಪು ಇಳಿದಿರುತ್ತದೆ.

ಪೂರ್ಣಚಂದ್ರ ತೇಜಸ್ವಿ ಅವರನ್ನೇ ನೋಡಿ. ಓದಿದ್ದು ಮೈಸೂರಿನಲ್ಲಿ, ಆದರೆ ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದರು. 1980ರಲ್ಲಿ ಬಂದ 'ಕರ್ವಾಲೊ' ಶುರುವಾಗುವುದೇ ಜೇನುತುಪ್ಪ ಕೊಳ್ಳಲು ಹೋದಲ್ಲಿಂದ. ಜೇನು ಹಿಡಿಯುವ ಮಂದಣ್ಣ, ಕಿವಿ ಅನ್ನುವ ನಾಯಿ, ಕೊನೆಗೆ ಕಾಡಿನೊಳಗೆ ಹಾರುವ ಓತಿಯ ಹುಡುಕಾಟ. ಪೇಟೆಯ ಬಾಡಿಗೆ ಮನೆಯಲ್ಲಿ ಕೂತವರಿಗೆ ಇದು ಹೊಳೆಯುವುದೇ ಕಷ್ಟ, ಅಲ್ವಾ?

ಹಾಗಂತ ಇರುವ ಊರಿನ ಬಗ್ಗೆಯೇ ಬರೆಯಬೇಕು ಅಂತೇನಿಲ್ಲ. ಅವರ ತಂದೆ ಕುವೆಂಪು 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಕಟ್ಟಿಕೊಟ್ಟಿದ್ದು ಹುಟ್ಟಿ ಬೆಳೆದ ಮಲೆನಾಡನ್ನು. ಬರೆಯುವಾಗ ಅವರಿದ್ದದ್ದು ಮೈಸೂರಿನಲ್ಲಿ. ಕೆಲವು ಜಾಗಗಳು ಬಿಟ್ಟು ಬಂದ ಮೇಲೇ ಜಾಸ್ತಿ ಕಾಡುತ್ತವೆ.

ಸದ್ದುಗದ್ದಲದ್ದೂ ಒಂದು ಪಾತ್ರ ಇದೆ. ನಾನು ಬರೆಯುವ ಟೇಬಲ್ ಅಡುಗೆಮನೆಗೆ ಅಂಟಿಕೊಂಡಿದೆ. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಒಂದು ಪ್ಯಾರಾ ಮುಗಿದರೆ ಅದೇ ಹೆಚ್ಚು. ಅದಕ್ಕೇ ಅಲ್ಲಿ ಸಣ್ಣ ಲೇಖನ ಮಾತ್ರ. ಅರ್ಧಕ್ಕೆ ನಿಂತ ಕಾದಂಬರಿಯನ್ನು ಊರಿಗೆ ಹೋದಾಗ, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ, ಜಗಲಿಯಲ್ಲಿ ಕೂತು ತೆಗೆಯುತ್ತೇನೆ.