ಪೆನ್ನಿಗೆ ಹೋದ ಕೈ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದವರು ಬೆಂಗಳೂರಿನ ಒಂದು ಖಾಸಗಿ ಶಾಲೆಯ ಆಪ್ತಸಲಹೆಗಾರ್ತಿ. ವಿದ್ಯಾ ಅಂತ ಕರೆಯೋಣ. ಶಿಕ್ಷಣದಲ್ಲಿ ಸಮಾನ ಅವಕಾಶದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಾರೆ. ನಿದ್ದೆ ಬರ್ತಿಲ್ಲ, ಥೀಸಿಸ್ ಟೆನ್ಷನ್ ಇರಬೇಕು ಅಂದರು. ಅರ್ಧ ಗಂಟೆ ಗೈಡ್ ಬಗ್ಗೆಯೇ ದೂರು. ನಿಜವಾದ ವಿಷಯ ಬಂದಿದ್ದು ಎದ್ದು ಹೊರಡುವಾಗ. ಜಾಸ್ತಿ ಜನರದ್ದು ಹಾಗೇ ಅಲ್ವಾ?

ಅವರ ಶಾಲೆಯಲ್ಲಿ ಎಂಟನೇ ತರಗತಿಯ ಒಬ್ಬ ಹುಡುಗ. ಆರ್‌ಟಿಇ ಸೀಟು, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಸಿಗುವ ಉಚಿತ ಸೀಟು. ತಾಯಿ ನಾಲ್ಕು ಮನೆಯಲ್ಲಿ ಕೆಲಸ ಮಾಡುತ್ತಾರೆ. ಒಂದು ದಿನ ಅವನು ಅಳುತ್ತಾ ಕೇಳಿದ: "ಮುಂದಿನ ವರ್ಷ ನಾನು ಇಲ್ಲೇ ಇರ್ತೀನಾ ಮಿಸ್?"

"ಮೇಡಂ, ಆಗ ನನ್ನ ಕೈ ಟಿಶ್ಯೂ ಕಡೆ ಹೋಗಲಿಲ್ಲ. ಪೆನ್ನಿನ ಕಡೆ ಹೋಯಿತು. ಎಂಥಾ ಮಾತು ಸಿಕ್ಕಿತು ಅನ್ನಿಸಿಬಿಟ್ಟಿತು."

2009ರ ಆ ಕಾಯ್ದೆ ಉಚಿತ ಶಿಕ್ಷಣ ಕೊಡುವುದು 14 ವರ್ಷದವರೆಗೆ, ಎಂಟನೇ ತರಗತಿ ಮುಗಿಯುವ ತನಕ. ಒಂಬತ್ತಕ್ಕೆ ಶಾಲೆ ಪೂರ್ತಿ ಫೀಸು ಕೇಳಬಹುದು. ಕರ್ನಾಟಕದಲ್ಲಿ 2019ರಿಂದ, ಹತ್ತಿರ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದ ಕಡೆ ಈ ಸೀಟುಗಳೇ ನಿಂತುಹೋದವು. ಅದಕ್ಕೂ ಮುಂಚೆ ಒಂದನೇ ತರಗತಿಗೆ ಸೇರಿದವರಲ್ಲಿ ಈ ಹುಡುಗನೂ ಒಬ್ಬ. ಇದೆಲ್ಲ ವಿದ್ಯಾ ಅವರಿಗೆ ಬಾಯಿಪಾಠ. ಇದರ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ಹುಡುಗನಿಗೆ ಮಾತ್ರ "ನೋಡೋಣ ಕಂದ" ಅಂದು ಕಳಿಸಿದ್ದರು.

ನಾನು ಸಮಾಧಾನ ಹೇಳಲಿಲ್ಲ. ಅವನ ಮಾತು ಬರೆದುಕೊಂಡ ಆ ಚೀಟಿ ಥೀಸಿಸ್‌ಗೆ ಬೇಡ ಅಂದೆ. ನಂಬಿ ಅತ್ತ ಮಗುವಿನ ಮಾತು ಸಂಶೋಧನೆಯ ಮಾಹಿತಿಯಲ್ಲ. ಹೆಸರು ತೆಗೆದರೂ ಅಲ್ಲ. ತಾಯಿಯ ಒಪ್ಪಿಗೆ ತಗೊಂಡರೆ ಆಗಲ್ವಾ ಅಂತ ಕೇಳಿದರು. ಆ ತಾಯಿ ನಿಮಗೆ ಬೇಡ ಅನ್ನೋಕೆ ಆಗುತ್ತಾ ಅಂತ ಕೇಳಿದೆ. ಸುಮ್ಮನಾದರು. ನಿಮ್ಮ ಶಾಲೆ ಬಿಟ್ಟು ಬೇರೆ ಶಾಲೆಗಳಿಗೆ ಹೋಗಿ, ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಮೊದಲೇ ಹೇಳಿ ಮಾತಾಡಿಸಿ ಅಂದೆ. ಆರು ತಿಂಗಳು ಹೋಗುತ್ತೆ ಅಂತ ಮುಖ ಸಣ್ಣ ಮಾಡಿಕೊಂಡರು. ಹೋಗುತ್ತೆ, ನಿಜ.

ಅದಕ್ಕಿಂತ ಮೊದಲು ಹುಡುಗನ ಕೆಲಸ. ಇದು ನವೆಂಬರ್, ಮೇವರೆಗೆ ಕಾಯಬೇಡಿ. ಈ ವಾರವೇ ತಾಯಿಯನ್ನು ಕರೆಸಿ. ಒಂಬತ್ತರ ಫೀಸು ಎಷ್ಟು, ಕಂತಿಗೆ ಒಪ್ಪುತ್ತಾರಾ ಅಂತ ಆಡಳಿತ ಮಂಡಳಿಯನ್ನು ನೀವೇ ಕೇಳಿ. ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ಇದೆಯಾ ಅಂತ ಹೋಗಿ ನೋಡಿ ಬನ್ನಿ. ಅಲ್ಲಿ ಹತ್ತನೇ ತರಗತಿವರೆಗೂ ಬಿಸಿಯೂಟ ಇದೆ, ಅದನ್ನೂ ಹೇಳಿ.

ಎರಡು ವಾರ ಬಿಟ್ಟು ಬಂದರು. ಆ ಚೀಟಿ ಹರಿದಿದ್ದರಂತೆ. ತಾಯಿಯನ್ನೂ ಕರೆಸಿದ್ದರು.

"ಅವರಿಗೆ ಎಲ್ಲಾ ಗೊತ್ತಿತ್ತು ಮೇಡಂ. ಒಂಬತ್ತರ ಫೀಸಿಗೆ ಅಂತ ಹೋದ ವರ್ಷದಿಂದಲೇ ಚೀಟಿ ಕಟ್ಟುತ್ತಿದ್ದಾರೆ. ಮಗನಿಗೆ ಹೇಳಿರಲಿಲ್ಲ ಅಷ್ಟೆ."